ತಪ್ಪಿದ ನಂಬ್ರ, ತಪ್ಪಿದ ಗುರುತು



ಉಪ್ಪಲ್ ಚೌರಸ್ತೆಯ ಸಮೀಪದ ಒಂದು ಹೋಟೆಲಿನಲ್ಲಿ ನಾನು ಇಪ್ಪತ್ತು ವರ್ಷಗಳಿಂದ ಇದ್ದೇನೆ. ಎಂಜಲು ತಟ್ಟೆ ಎತ್ತುವ ಕೆಲಸದಿಂದ ಸುರುಮಾಡಿ, ಸಪ್ಲಾಯರನಾಗಿ, ಈಗ ಉಗ್ರಾಣದ ಲೆಕ್ಕ ನೋಡಿಕೊಳ್ಳುವಲ್ಲಿಗೆ ಬಂದಿದ್ದೇನೆ. ನಾನು ಬಂದಾಗ ಗಲ್ಲೆಯ ಮೇಲೆ ಇದ್ದದ್ದು ಬಿಲ್ ಪುಸ್ತಕ ಮತ್ತು ಇಂಗಾಲದ ಹಾಳೆ. ಇಂದು ಅಲ್ಲಿ ಗಣಕಯಂತ್ರ ಕುಳಿತಿದೆ. ಕಾಲ ಬದಲಾಗಿದೆ, ಬದಲಾಗಲಿ. ಆದರೆ ಯಂತ್ರ ಮಾಡಿದ ಕೆಲಸಕ್ಕೆ ಮನುಷ್ಯನ ಸಂಬಳ ಕಡಿಯುವ ಪದ್ಧತಿ ಮಾತ್ರ ಬರಬಾರದು. ಆ ವಿಷಯವಾಗಿಯೇ ಈ ನಾಲ್ಕು ಮಾತು.

ಸ್ಟೇಡಿಯಮ್ಮಿನಲ್ಲಿ ಕ್ರಿಕೆಟ್ ಪಂದ್ಯವಿದ್ದ ಒಂದು ರಾತ್ರಿ. ಮೆಟ್ರೋ ಇಳಿದವರೂ ಬಸ್ಸಿಗೆ ಕಾದವರೂ ಸೇರಿ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಗಡಿಬಿಡಿಯ ನಡುವೆ ವಿದ್ಯುತ್ತು ಹೋಯಿತು. ಗಣಕಯಂತ್ರ ಒಮ್ಮೆಲೇ ನಿಂತಿತು. ಹತ್ತು ನಿಮಿಷದ ಮೇಲೆ ಬೆಳಕು ಬಂತು, ಯಂತ್ರ ಎದ್ದಿತು, ವ್ಯಾಪಾರ ಮುಂದುವರಿಯಿತು. ಕತ್ತಲೆಯ ಮುಂಚಿನ ಕೊನೆಯ ಬಿಲ್ಲಿನ ನಂಬ್ರ 4117. ಬೆಳಕಿನ ನಂತರದ ಮೊದಲ ಬಿಲ್ಲಿನ ನಂಬ್ರ 4150. ನಡುವಿನ 32 ನಂಬ್ರಗಳು ಎಲ್ಲಿಯೂ ಇಲ್ಲ.

ಮರುದಿನ ಧಣಿಗಳು ಲೆಕ್ಕ ಮಾಡಿದರು. ಬಿಲ್ಲೊಂದಕ್ಕೆ ಸರಾಸರಿ 90 ರೂಪಾಯಿ, ಬಿಲ್ಲು 32, ಒಟ್ಟು 2880 ರೂಪಾಯಿ. ಗಲ್ಲೆಯಲ್ಲಿ ಕುಳಿತಿದ್ದವನು ಕುಂದಾಪುರ ಕಡೆಯ ಹುಡುಗ. "ಬಿಲ್ಲು ಹರಿದು ದುಡ್ಡು ಎಲ್ಲಿ ಇಟ್ಟೆ?" ಎಂದು ಎಲ್ಲರೆದುರು ಕೇಳಿದರು. ಹುಡುಗ ಅತ್ತುಬಿಟ್ಟ. "ಅಣ್ಣಾ, ನಾನು ಒಂದು ಪೈಸೆ ಮುಟ್ಟಿದವನಲ್ಲ, ನೀವಾದರೂ ಹೇಳಿ" ಎಂದು ನನ್ನ ಕೈ ಹಿಡಿದ. ನಾನು ಏನು ಹೇಳಲಿ? ಉಗ್ರಾಣದಿಂದ ಹೋದ ಹಿಟ್ಟು, ಅಕ್ಕಿ, ಹಾಲು ಎಲ್ಲವೂ ಉಳಿದ ಬಿಲ್ಲುಗಳಿಗೆ ಸರಿಹೊಂದುತ್ತಿದ್ದವು. ಗಲ್ಲೆಯ ಹಣವೂ ಸರಿಹೊಂದುತ್ತಿತ್ತು. ಹೊಂದದೆ ಇದ್ದದ್ದು ನಂಬ್ರ ಒಂದೇ. ಆದರೂ ತಿಂಗಳ ಕೊನೆಗೆ ಹುಡುಗನ ಸಂಬಳದಲ್ಲಿ 2880 ರೂಪಾಯಿ ಕಡಿತವಾಯಿತು.

ನನ್ನ ಅಕ್ಕನ ಮಗಳು ಉಪ್ಪಲಿನಲ್ಲಿಯೇ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಗಣಕಯಂತ್ರದ ತಂತ್ರಾಂಶಗಳಿಗೆ ಕೈಪಿಡಿ ಬರೆಯುವುದು, ಬರೆದ ಕೈಪಿಡಿಯನ್ನು ತಿದ್ದುವುದು ಅವಳ ಉದ್ಯೋಗ. ಆ ಭಾನುವಾರ ಮನೆಗೆ ಬಂದಿದ್ದಾಗ ಈ ಸಂಗತಿ ಹೇಳಿದೆ. ಅವಳು 4117 ಮತ್ತು 4150 ಎಂಬ ಎರಡು ಅಂಕೆ ಕೇಳಿದ ಕೂಡಲೇ, "ಮಾವ, ಇದು ಕಳವಲ್ಲ, ಯಂತ್ರದ ಅಭ್ಯಾಸ. ಸರಿಯಾಗಿ 32 ಅಂಕೆ ಹಾರಿದೆ ನೋಡಿ" ಎಂದಳು.

ಅವಳು ನನಗೆ ತಿಳಿಸಿದ್ದನ್ನು ನಮ್ಮ ಕಸುಬಿನ ಮಾತಿನಲ್ಲಿಯೇ ಹೇಳುತ್ತೇನೆ.

ಲೆಕ್ಕವನ್ನೆಲ್ಲ ಕೂಡಿಡುವ ಯಂತ್ರದ ಉಗ್ರಾಣಕ್ಕೆ ಡೇಟಾಬೇಸ್ ಎಂದು ಹೆಸರು. ಅದರೊಳಗೆ ಒಂದಾದ ಮೇಲೊಂದು ನಂಬ್ರ ಕೊಡುವುದಕ್ಕೆಂದೇ ಒಂದು ಏರ್ಪಾಡು ಇದೆ. ಅದಕ್ಕೆ ಸೀಕ್ವೆನ್ಸ್ ಎನ್ನುತ್ತಾರೆ, ಅಂದರೆ ಸರಣಿ. ಕೇಳಿದವರಿಗೆ ಮುಂದಿನ ನಂಬ್ರ ಕೊಡುವುದು, ಒಮ್ಮೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡದೆ ಇರುವುದು, ಇವೆರಡೇ ಅದರ ಧರ್ಮ. ನಂಬ್ರ ತೆಗೆದುಕೊಂಡವನು ಅದನ್ನು ಉಪಯೋಗಿಸಿದನೇ ಬಿಟ್ಟನೇ ಎಂದು ಅದು ವಿಚಾರಿಸುವುದಿಲ್ಲ. ಯಾಕೆಂದರೆ ಹಾಗೆ ವಿಚಾರಿಸುತ್ತ ಕೂತರೆ ಕೆಲಸ ಸಾಗುವುದಿಲ್ಲ. ಎರಡು ಗಲ್ಲೆಗಳಿರುವ ಹೋಟೆಲನ್ನು ಯೋಚಿಸಿರಿ. ಒಂದು ಗಲ್ಲೆಯವನು 50ನೆಯ ನಂಬ್ರ ತೆಗೆದುಕೊಂಡ. ಗಿರಾಕಿ ದೋಸೆಯೋ ಇಡ್ಲಿಯೋ ಎಂದು ತಲೆ ತುರಿಸುತ್ತ ನಿಂತ. ಆತ ನಿರ್ಧರಿಸುವವರೆಗೆ ಇನ್ನೊಂದು ಗಲ್ಲೆಯವನು 51 ಕೊಡದೆ ಕಾಯಬೇಕೇ? ಕಾದರೆ ಸಾಲು ರಸ್ತೆಗೆ ಬರುತ್ತದೆ. ಆದುದರಿಂದ 51 ಹೋಗುತ್ತದೆ. ಆಮೇಲೆ ಆ ಗಿರಾಕಿ ಬೇಡವೆಂದು ಹೊರಟರೆ 50 ಖಾಲಿಯಾಗಿಯೇ ಉಳಿಯುತ್ತದೆ.

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಟ್ಟೆಯ ಥಾನಿಗೆ ಅಂಕೆ ಒತ್ತಿದ ಮೇಲೆ ಆ ಥಾನು ಹರಿದದ್ದೆಂದು ಪಕ್ಕಕ್ಕೆ ತೆಗೆದರೆ, ಅದೇ ಅಂಕೆಯನ್ನು ಮತ್ತೊಂದು ಥಾನಿಗೆ ಒತ್ತಿದರೆ ಏನಾದೀತು? ಒಂದೇ ಅಂಕೆಯ ಎರಡು ಥಾನು! ಅಂಕೆ ಬಿಟ್ಟುಹೋದರೆ ಚಿಂತೆಯಿಲ್ಲ, ಎರಡಾಗಬಾರದು. ಸರಣಿಯ ನ್ಯಾಯವೂ ಇಷ್ಟೇ.

ಇನ್ನು ಆ 32ರ ಗುಟ್ಟು. ನಮ್ಮ ಹೋಟೆಲಿನ ಬಿಲ್ಲಿನ ತಂತ್ರಾಂಶದ ಅಡಿಯಲ್ಲಿರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್. 1986ರಲ್ಲಿ ಅಮೇರಿಕದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಸುರುವಾದ ಕೆಲಸ ಅದು. 1996ರಲ್ಲಿ ಇಂದಿನ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಹೆಸರು ಬಂತು. ಯಾರೂ ದುಡ್ಡು ಕೊಡದೆ ಉಪಯೋಗಿಸಬಹುದಾದದ್ದು, ಲೋಕದ ಹಲವು ದೇಶಗಳವರು ಕೂಡಿ ಕಟ್ಟುತ್ತಿರುವುದು. ಈ ಯಂತ್ರ ಪ್ರತಿಯೊಂದು ನಂಬ್ರ ಕೊಟ್ಟಾಗಲೂ ದಫ್ತರದಲ್ಲಿ ಬರೆಯುತ್ತ ಕೂತರೆ ತಡವಾಗುತ್ತದೆ. ಅದಕ್ಕಾಗಿ ಮುಂದಿನ 32 ನಂಬ್ರಗಳನ್ನು ಕೊಟ್ಟಾಯಿತೆಂದು ಮುಂಗಡವಾಗಿಯೇ ದಫ್ತರದಲ್ಲಿ ಬರೆದಿಡುತ್ತದೆ. ನಡುವೆ ಯಂತ್ರ ಹಠಾತ್ತಾಗಿ ನಿಂತರೆ, ಮತ್ತೆ ಎದ್ದಾಗ ಅದು ನಂಬುವುದು ದಫ್ತರವನ್ನೇ. 4117 ಕೊಡುವಾಗ 4149ರವರೆಗೆ ಬರೆದಿಟ್ಟಿತ್ತು. ಎದ್ದು 4150 ಕೊಟ್ಟಿತು. ಒರಾಕಲ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಬೇರೆ ಹೇಳದಿದ್ದರೆ 20 ನಂಬ್ರಗಳನ್ನು ಕೈಯಲ್ಲಿ ಹಿಡಿದುಕೊಂಡಿರುತ್ತದೆ, ಯಂತ್ರ ಬಿದ್ದರೆ ಅವೂ ಹೋಗುತ್ತವೆ. ಯಾವ ಹುಡುಗನೂ ಯಾವ ಬಿಲ್ಲನ್ನೂ ಹರಿದಿರಲಿಲ್ಲ.

"ಇಷ್ಟು ದೊಡ್ಡ ವಿಷಯವನ್ನು ಯಂತ್ರ ಮಾಡಿದವರು ಎಲ್ಲಿಯೂ ಹೇಳಿಲ್ಲವೇ?" ಎಂದು ಕೇಳಿದೆ. ಹೇಳಿದ್ದಾರೆ. ಪೋಸ್ಟ್‌ಗ್ರೆಸ್ಸಿನ ಕೈಪಿಡಿಯಲ್ಲಿ ಸರಣಿಯ ಅಧ್ಯಾಯದೊಳಗೆ, ಎಚ್ಚರಿಕೆ ಎಂಬ ತಲೆಬರಹದ ಪ್ರತ್ಯೇಕ ಚೌಕಟ್ಟಿನಲ್ಲಿಯೇ ಹೇಳಿದ್ದಾರೆ. ಕೊಟ್ಟ ನಂಬ್ರ ಹಿಂದಕ್ಕೆ ಬರುವುದಿಲ್ಲ, ಕೆಲಸ ಅರ್ಧಕ್ಕೆ ನಿಂತರೂ ಯಂತ್ರ ಬಿದ್ದರೂ ನಡುವೆ ಖಾಲಿ ಬೀಳಬಹುದು, ಖಾಲಿ ಬೀಳದ ಸರಣಿ ಬೇಕಾದವರು ಇದನ್ನು ನೆಚ್ಚಬಾರದು ಎಂಬುದು ಅದರ ಸಾರಾಂಶ. ಇಂಥ ಸ್ಪಷ್ಟ ಮಾತು ನಮ್ಮ ಧಣಿಗಳ ಕಣ್ಣಿಗೆ ಯಾಕೆ ಬೀಳಲಿಲ್ಲ? ನಾನು ಈ ಲೇಖನ ಬರೆಯುವುದಕ್ಕೆ ಕಾರಣವಾದ ಪ್ರಶ್ನೆ ಇದೇ.

ಬಿಲ್ಲಿನ ತಂತ್ರಾಂಶ ಮಾರಿದವರು ಅದರ ಜೊತೆಗೆ ಒಂದು ಪುಸ್ತಿಕೆ ಕೊಟ್ಟಿದ್ದರು. ಅಕ್ಕನ ಮಗಳಿಗೆ ಅದನ್ನು ತೋರಿಸಿದೆ. ಆ ಎಚ್ಚರಿಕೆಯ ಮಾತು ಅದರಲ್ಲಿಯೂ ಇತ್ತು. ಆದರೆ ಚೌಕಟ್ಟಿನಲ್ಲಿ ಇರಲಿಲ್ಲ, ತಲೆಬರಹ ಇರಲಿಲ್ಲ. ಒಂದು ಉದಾಹರಣೆಯ ಬಾಲಕ್ಕೆ ಸಣ್ಣ ಅಕ್ಷರದಲ್ಲಿ ಅಂಟಿಕೊಂಡು, ಅದೂ ಉದಾಹರಣೆಯ ಒಂದು ಭಾಗವೇ ಎಂಬಂತೆ ಕಾಣುತ್ತಿತ್ತು. ಮಾತು ಉಳಿದಿತ್ತು, ಗುರುತು ಹೋಗಿತ್ತು.

ಈ ಗುರುತು ಎಂದರೇನೆಂದು ತಿಳಿಯಬೇಕು. ಹಿಂದೆ ಅಚ್ಚುಕೂಟದಲ್ಲಿ ಕರಡಚ್ಚು ತಿದ್ದುವವರು ಅಂಚಿನಲ್ಲಿ ಗುರುತು ಹಾಕುತ್ತಿದ್ದರು: ಇದು ದಪ್ಪಕ್ಷರ, ಇದು ಹೊಸ ಪ್ಯಾರಾ, ಇದಕ್ಕೆ ಗೆರೆ. ಓದುಗನಿಗೆ ಆ ಗುರುತು ಕಾಣುವುದಿಲ್ಲ, ಅದರ ಫಲ ಮಾತ್ರ ಕಾಣುತ್ತದೆ. ಇಂದಿನ ಕೈಪಿಡಿಗಳಲ್ಲಿಯೂ ಅದೇ ವಿಧಾನ. ಅದಕ್ಕೆ ಮಾರ್ಕಪ್ ಎನ್ನುತ್ತಾರೆ. ಪೋಸ್ಟ್‌ಗ್ರೆಸ್ಸಿನ ಕೈಪಿಡಿಯನ್ನು ಡಾಕ್‌ಬುಕ್ ಎಂಬ, 1991ರಲ್ಲಿ ಆರಂಭವಾದ ಗುರುತಿನ ಪದ್ಧತಿಯಲ್ಲಿ ಬರೆಯುತ್ತಾರೆ. ಯಂತ್ರಕ್ಕೆ ಕೊಡುವ ಆಜ್ಞೆಗೆ ಒಂದು ಗುರುತು, ನೆಕ್ಸ್ಟ್‌ವಾಲ್, ಸೆಟ್‌ವಾಲ್ ಮುಂತಾದ ಕೆಲಸದ ಹೆಸರುಗಳಿಗೆ ಒಂದು, ಅಕ್ಷರಶಃ ಹಾಗೆಯೇ ಒತ್ತಬೇಕಾದ ಮಾತಿಗೆ ಒಂದು, ನಮ್ಮ ಹೆಸರನ್ನು ತುಂಬಬೇಕಾದ ಜಾಗಕ್ಕೆ ಇನ್ನೊಂದು. ಹಾಗೆಯೇ ಸೂಚನೆ ಬೇರೆ, ಸಲಹೆ ಬೇರೆ, ಎಚ್ಚರಿಕೆ ಬೇರೆ. ಪ್ರತಿಯೊಂದಕ್ಕೂ ತೆರೆಯುವ ಗುರುತು, ಮುಚ್ಚುವ ಗುರುತು.

ಇದರಲ್ಲಿ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಸರಣಿಯ ಅಧ್ಯಾಯದಿಂದಲೇ ಮೂರು ದೃಷ್ಟಾಂತ ಕೊಡುತ್ತೇನೆ.

ಒಂದನೆಯದು. ಸೆಟ್‌ವಾಲ್ ಎಂಬ ಆಜ್ಞೆಯಿಂದ ಸರಣಿಯನ್ನು ಬೇಕಾದ ಅಂಕೆಗೆ ತಂದು ನಿಲ್ಲಿಸಬಹುದು. ಬರಿದೆ 42 ಎಂದು ಕೊಟ್ಟರೆ ಮುಂದೆ ಬರುವ ನಂಬ್ರ 43. ಅದರ ಬೆನ್ನಿಗೆ ಫಾಲ್ಸ್ ಎಂಬ ಒಂದು ಮಾತು ಸೇರಿಸಿದರೆ ಮುಂದೆ ಬರುವುದು 42 ತಾನೇ. ಫಾಲ್ಸ್ ಎಂಬುದು ಒತ್ತಬೇಕಾದ ಮಾತೋ ವಿವರಣೆಯ ಮಾತೋ ಎಂಬುದು ಓದುವವನಿಗೆ ತಿಳಿಯುವುದು ಗುರುತಿನಿಂದ. ಗುರುತು ತಪ್ಪಿದರೆ ಒಂದು ನಂಬ್ರ ಮಾಯ. ಮತ್ತೆ ಗಲ್ಲೆಯವನಿಗೆ ಪ್ರಶ್ನೆ.

ಎರಡನೆಯದು. ಸರಣಿಯ ಹೆಸರನ್ನು ನೆಟ್ಟಗಿನ ಒಂಟಿ ಉದ್ಧರಣ ಚಿಹ್ನೆಯೊಳಗೆ ಒತ್ತಬೇಕು. ಅಂದ ಕಾಣಲೆಂದು ಯಾರಾದರೂ ಅದನ್ನು ಬಾಗಿದ ಚಿಹ್ನೆಯಾಗಿ ಮಾಡಿದರೆ ಪುಟ ಸುಂದರವಾಗುತ್ತದೆ, ಆಜ್ಞೆ ಕೆಡುತ್ತದೆ. ಪುಟ ನೋಡಿ ಒತ್ತಿದ ಹೊಸಬ ತನ್ನ ಬುದ್ಧಿಯೇ ಮಂದವೆಂದು ಕೊರಗುತ್ತಾನೆ.

ಮೂರನೆಯದು. ಗಣಿತದಲ್ಲಿ ಕಡಿಮೆ ಎಂದು ಸೂಚಿಸುವ ಮೂಲೆಯ ಚಿಹ್ನೆ ಈ ಪದ್ಧತಿಯಲ್ಲಿ ಗುರುತಿನ ಬಾಗಿಲು. ಅದನ್ನು ಸಾಮಾನ್ಯ ಅಕ್ಷರವಾಗಿ ತೋರಿಸಬೇಕಾದರೆ ಬೇರೊಂದು ರೀತಿಯಲ್ಲಿ ಬರೆಯಬೇಕು. ಮರೆತು ಹಾಗೆಯೇ ಬರೆದರೆ, ಅಂತರಜಾಲದ ಪುಟದಲ್ಲಿ ಅದೂ ಒಂದು ಗುರುತೇ ಎಂದು ಯಂತ್ರ ಭಾವಿಸಿ, ಅದರೊಳಗಿನ ಮಾತನ್ನು ಓದುಗನಿಗೆ ತೋರಿಸುವುದೇ ಇಲ್ಲ. "ಇಲ್ಲಿ ನಿಮ್ಮ ಸರಣಿಯ ಹೆಸರು ಬರೆಯಿರಿ" ಎಂದು ಬರೆದಾತ ಬರೆದಿರುತ್ತಾನೆ, ಓದುವವನಿಗೆ ಕಾಣುವುದು ಖಾಲಿ ಜಾಗ.

"ಇಂಥ ತಪ್ಪನ್ನು ಯಂತ್ರವೇ ಹಿಡಿಯಲಾರದೇ?" ಎಂದು ನೀವು ಕೇಳಬಹುದು. ಕೆಲವನ್ನು ಹಿಡಿಯುತ್ತದೆ. ತೆರೆದ ಗುರುತನ್ನು ಮುಚ್ಚದಿದ್ದರೆ ಕೂಗುತ್ತದೆ. ಆದರೆ ಎಚ್ಚರಿಕೆಯ ಗುರುತು ಹಾಕಬೇಕಾದಲ್ಲಿ ಉದಾಹರಣೆಯ ಗುರುತು ಹಾಕಿ, ಅದನ್ನು ಸರಿಯಾಗಿ ತೆರೆದು ಸರಿಯಾಗಿ ಮುಚ್ಚಿದರೆ, ಯಂತ್ರಕ್ಕೆ ಯಾವ ದೋಷವೂ ಕಾಣುವುದಿಲ್ಲ. ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಅದು ನೋಡುತ್ತದೆ, ಸಕ್ಕರೆಯ ಡಬ್ಬಿಯಲ್ಲಿ ಉಪ್ಪು ಇದೆಯೇ ಎಂದು ನೋಡಲಾರದು. ಅದಕ್ಕೆ ಅರ್ಥ ತಿಳಿದ ಮನುಷ್ಯನ ಕಣ್ಣೇ ಬೇಕು. ನನ್ನ ಅಕ್ಕನ ಮಗಳು ದಿನವಿಡೀ ಮಾಡುವ ಕೆಲಸ ಇದು. ಅವಳ ಕಚೇರಿಯಲ್ಲಿ ಹೊಸ ತಂತ್ರಾಂಶ ಬರೆದವರಿಗೆ ಶಾಲು, ಹಾರ. ಗುರುತು ತಿದ್ದುವವರನ್ನು ಕೇಳುವವರಿಲ್ಲ. "ಒಂದು ಚಿಹ್ನೆ ತಿದ್ದಿದೆಯಂತೆ, ಅದೇನು ಮಹಾ!" ಎಂಬ ತಾತ್ಸಾರ.

ಈ ತಾತ್ಸಾರ ನಮಗೆ ಹೊಸದೇ? ಹೋಟೆಲಿನಲ್ಲಿ ಭಟ್ಟರ ಸಾಂಬಾರನ್ನು ಎಲ್ಲರೂ ಹೊಗಳುತ್ತಾರೆ. ಲೋಟವನ್ನು ಬಿಸಿನೀರಿನಲ್ಲಿ ತೊಳೆದವನ ಹೆಸರು ಯಾರಿಗೂ ಬೇಡ. ತೊಳೆಯದ ದಿನ ಮಾತ್ರ ಅವನ ನೆನಪು ಬರುತ್ತದೆ. ಗಿರಣಿಯಲ್ಲಿಯೂ ಹಾಗೆಯೇ: ಬಟ್ಟೆಯ ಹೆಸರು ಮಾಲಿಕನದು, ಮುರಿದ ನೂಲನ್ನು ಕಂಡು ಗಂಟು ಹಾಕಿದ ಬೆರಳುಗಳಿಗೆ ಹೆಸರಿಲ್ಲ. ಕೈಪಿಡಿಯ ಗುರುತು ತಿದ್ದುವುದೂ ಮುರಿದ ನೂಲಿಗೆ ಗಂಟು ಹಾಕುವ ಕೆಲಸವೇ. ಅದು ಶ್ರಮ, ಶ್ರಮಕ್ಕೆ ಮಾನ ಕೊಡಬೇಕು. ಅದನ್ನು ಅಲಕ್ಷಿಸಿದ್ದಕ್ಕೆ ದಂಡ ತೆತ್ತವನು ಯಾರು? ಕೈಪಿಡಿ ಮಾಡಿದವನೂ ಅಲ್ಲ, ಮಾರಿದವನೂ ಅಲ್ಲ, ಕೊಂಡವನೂ ಅಲ್ಲ. ಅದನ್ನು ಒಮ್ಮೆಯೂ ಕಣ್ಣಲ್ಲಿ ನೋಡದ ಗಲ್ಲೆಯ ಹುಡುಗ.

ಇನ್ನು ಧಣಿಗಳ ಪಕ್ಷದ ಮಾತನ್ನೂ ಕೇಳೋಣ. ನ್ಯಾಯವೆಂದರೆ ಎರಡು ಕಡೆಯನ್ನೂ ಕೇಳುವುದು. "ಬಿಲ್ಲಿನ ನಂಬ್ರ ಕ್ರಮವಾಗಿ ಇರಬೇಕೆಂದು ಸರಕಾರದ ಕಾನೂನೇ ಇದೆ, ನಾಳೆ ಅಧಿಕಾರಿ ಬಂದು ಕೇಳಿದರೆ ನಾನೇನು ಹೇಳಲಿ?" ಎಂದು ಅವರು ಕೇಳಿದರು. ಮಾತು ಸುಳ್ಳಲ್ಲ. 2017ರ ಜಿ.ಎಸ್.ಟಿ. ನಿಯಮಗಳಲ್ಲಿ 46ನೆಯದರ ಪ್ರಕಾರ ತೆರಿಗೆ ಬಿಲ್ಲಿಗೆ ಅನುಕ್ರಮದ ನಂಬ್ರ ಇರಬೇಕು, 16 ಅಕ್ಷರಗಳಿಗೆ ಮೀರಿರಬಾರದು, ಒಂದು ಹಣಕಾಸಿನ ವರ್ಷದಲ್ಲಿ ಒಂದೇ ನಂಬ್ರ ಎರಡು ಸಲ ಬರಬಾರದು. ಆದರೆ ಅದೇ ವ್ಯವಸ್ಥೆಯೊಳಗೆ, ಮಾರಾಟದ ವಿವರ ಸಲ್ಲಿಸುವ ಜಿ.ಎಸ್.ಟಿ.ಆರ್.-1 ನಮೂನೆಯಲ್ಲಿ, ಯಾವ ನಂಬ್ರದಿಂದ ಯಾವ ನಂಬ್ರದವರೆಗೆ ಬಿಲ್ಲು ಕೊಟ್ಟಿರಿ, ಒಟ್ಟು ಎಷ್ಟು, ರದ್ದಾದವು ಎಷ್ಟು ಎಂದು ಬರೆಯುವುದಕ್ಕೆ ಅಂಕಣಗಳಿವೆ. ಎಂದರೆ ಎಲ್ಲ ನಂಬ್ರವೂ ಗಿರಾಕಿಯ ಕೈಗೆ ಹೋಗಿಯೇ ಇರಬೇಕೆಂದು ಸರಕಾರವೂ ಹೇಳುವುದಿಲ್ಲ. ಲೆಕ್ಕ ಕೇಳುತ್ತದೆ. ಲೆಕ್ಕ ಕೇಳುವುದು ಬೇರೆ, ಕಳ್ಳನೆನ್ನುವುದು ಬೇರೆ.

ಹಾಗಾದರೆ ಖಾಲಿ ಬೀಳದ ನಂಬ್ರ ಬೇಕೇ ಬೇಕಾದರೆ? ಅದಕ್ಕೂ ದಾರಿ ಇದೆ. ಸರಣಿಯನ್ನು ಬಿಟ್ಟು, ಕೊನೆಯ ಬಿಲ್ಲಿನ ಅಂಕೆಯನ್ನು ಒಂದು ಪ್ರತ್ಯೇಕ ಪಟ್ಟಿಯಲ್ಲಿ ಇಡಬೇಕು. ಬಿಲ್ಲು ಬರೆಯುವಾಗ ಆ ಪಟ್ಟಿಗೆ ಬೀಗ ಹಾಕಿ, ಅಂಕೆ ಏರಿಸಿ, ಬಿಲ್ಲನ್ನೂ ಅಂಕೆಯನ್ನೂ ಒಟ್ಟಿಗೇ ಖಾಯಂ ಮಾಡಬೇಕು. ಬಿಲ್ಲು ಕೆಟ್ಟರೆ ಅಂಕೆಯೂ ಹಿಂದಕ್ಕೆ ಹೋಗುತ್ತದೆ. ಒಬ್ಬರ ಕೆಲಸ ಮುಗಿಯುವವರೆಗೆ ಇನ್ನೊಬ್ಬರು ತುಸು ಕಾಯಬೇಕಾಗುತ್ತದೆ ನಿಜ. ನಮ್ಮಂಥ ಎರಡು ಗಲ್ಲೆಯ ಹೋಟೆಲಿಗೆ ಆ ಕಾಯುವಿಕೆ ಕಣ್ಣು ಮಿಟುಕಿಸುವಷ್ಟೂ ಅಲ್ಲ. ತಂತ್ರಾಂಶ ಬರೆದವರು ಎಚ್ಚರಿಕೆಯನ್ನು ಓದಿದ್ದರೆ ಹೀಗೆಯೇ ಮಾಡುತ್ತಿದ್ದರು.

ಸಂಬಳ ಕಡಿತದ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನೂ ನಮ್ಮವರು ತಿಳಿದಿರಬೇಕು. ಕೆಲಸಗಾರನ ವಶದಲ್ಲಿದ್ದ ಹಣ ನಷ್ಟವಾದರೆ, ಆ ನಷ್ಟ ಅವನ ಅಲಕ್ಷ್ಯದಿಂದಲೋ ತಪ್ಪಿನಿಂದಲೋ ನೇರವಾಗಿ ಆಗಿದ್ದರೆ ಮಾತ್ರ ಕಡಿತ ಮಾಡಬಹುದು. ಅದು ನಷ್ಟದ ಮೊತ್ತಕ್ಕೆ ಮೀರಬಾರದು. ಮೊದಲು ಅವನಿಗೆ ತನ್ನ ಸಮಜಾಯಿಷಿ ಹೇಳಲು ಅವಕಾಶ ಕೊಡಬೇಕು. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ಈ ತತ್ವವನ್ನು, 2025ರ ನವೆಂಬರಿನಲ್ಲಿ ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ಗಲ್ಲೆಯ ಹಣ ಸರಿಯಿದ್ದು, ಉಗ್ರಾಣ ಸರಿಯಿದ್ದು, ಬರೇ ಅಂಕೆ ಹಾರಿದ್ದರೆ ನಷ್ಟವೆಲ್ಲಿ? ನಷ್ಟವಿಲ್ಲದ ಮೇಲೆ ಕಡಿತವೆಲ್ಲಿ?

ಈ ಕಾರಣದಿಂದ ನನ್ನ ಸಲಹೆಗಳು ಇವು. ತಂತ್ರಾಂಶ ಮಾರುವವರು ಮೂಲ ಕೈಪಿಡಿಯಿಂದ ಮಾತು ತೆಗೆದುಕೊಳ್ಳುವಾಗ ಅದರ ಗುರುತನ್ನೂ ತೆಗೆದುಕೊಳ್ಳಲಿ. ಎಚ್ಚರಿಕೆ ಎಚ್ಚರಿಕೆಯಾಗಿಯೇ ಕಾಣಲಿ, ಗಲ್ಲೆಯಲ್ಲಿ ಕೂಡುವವನಿಗೆ ಅರ್ಥವಾಗುವಂತೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಒಂದು ಹಾಳೆ ಇರಲಿ. ಗಲ್ಲೆಯ ಸಹೋದರರು ವಿದ್ಯುತ್ತು ಹೋದ ಹೊತ್ತು, ಯಂತ್ರ ಎದ್ದ ಹೊತ್ತು, ಮುಂಚಿನ ನಂಬ್ರ, ನಂತರದ ನಂಬ್ರ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಆಗಲೇ ಮೇನೇಜರರ ರುಜು ಪಡೆಯಲಿ. ಇದಕ್ಕೆ ಎರಡು ನಿಮಿಷ ಸಾಕು. ನಮ್ಮ ಸಂಘದವರು ಕೆಲಸ ಮುಗಿದ ಮೇಲೆ ಓದುವ ಹುಡುಗ ಹುಡುಗಿಯರಿಗೆ ಈ ಕೈಪಿಡಿ ತಿದ್ದುವ ವಿದ್ಯೆಯನ್ನೂ ಪರಿಚಯಿಸಲಿ. ಪೋಸ್ಟ್‌ಗ್ರೆಸ್ಸಿನಂಥ ಕೈಪಿಡಿಯಲ್ಲಿ ತಪ್ಪು ಕಂಡರೆ ಯಾರು ಬೇಕಾದರೂ ತಿಳಿಸಬಹುದು. ಪದವಿ ಕೇಳುವುದಿಲ್ಲ, ಊರು ಕೇಳುವುದಿಲ್ಲ. ಸರಿಯಾಗಿ ಓದುವ ಕಣ್ಣು, ಸರಿಯಾಗಿ ಬರೆಯುವ ತಾಳ್ಮೆ ಇದ್ದರೆ ಸಾಕು. ನಮ್ಮವರಲ್ಲಿ ತಾಳ್ಮೆಗೆ ಬರವಿಲ್ಲ.

ಹುಡುಗನ ಕಥೆ ಏನಾಯಿತೆಂದು ಕೇಳುವಿರಿ. ಅಕ್ಕನ ಮಗಳು ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟಳು. ನಾನೂ ಹುಡುಗನೂ ಅದನ್ನೂ ಉಗ್ರಾಣದ ಪುಸ್ತಕವನ್ನೂ ಹಿಡಿದು ಧಣಿಗಳ ಎದುರು ಕೂತೆವು. ಅವರು ಓದಿದರು, ಇನ್ನೊಮ್ಮೆ ಓದಿದರು, ಲೆಕ್ಕದವರನ್ನು ಕರೆಸಿ ಕೇಳಿದರು. 2880 ರೂಪಾಯಿ ಎರಡು ಕಂತಿನಲ್ಲಿ ಹಿಂದಕ್ಕೆ ಬಂತು. ತಪ್ಪಾಯಿತೆಂಬ ಮಾತು ಬರಲಿಲ್ಲ, ನಾವು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ಹುಡುಗ ಮತ್ತೆ ಗಲ್ಲೆಯಲ್ಲಿ ಕೂತಿದ್ದಾನೆ, ಎಲ್ಲರೆದುರು ತಲೆ ಎತ್ತಿಕೊಂಡೇ ಕೂತಿದ್ದಾನೆ.

ಪುಸ್ತಿಕೆಯ ತಪ್ಪನ್ನು ಗುರುತಿಸಿ, ಎಲ್ಲಿ ತೆರೆಯಬೇಕು, ಎಲ್ಲಿ ಮುಚ್ಚಬೇಕು ಎಂಬುದನ್ನೂ ಬರೆದು ಮಾರಿದವರಿಗೆ ಅಕ್ಕನ ಮಗಳು ಕಳುಹಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಅದೇ ಪುಸ್ತಿಕೆ ಇನ್ನೆಷ್ಟು ಹೋಟೆಲುಗಳ ಗಲ್ಲೆಯ ಅಡಿಯಲ್ಲಿ ಬಿದ್ದಿದೆಯೋ! ನಿಮ್ಮಲ್ಲಿ ಯಾರ ಗಲ್ಲೆಯಲ್ಲಾದರೂ ನಂಬ್ರ ಹೀಗೆ ಹಾರಿ, ಅದರ ಹೊಣೆ ನಿಮ್ಮ ತಲೆಗೆ ಬಂದಿದ್ದರೆ, ಸುಮ್ಮನೆ ಸಹಿಸಬೇಡಿರಿ. ಮುಂಚಿನ ಅಂಕೆಯನ್ನೂ ನಂತರದ ಅಂಕೆಯನ್ನೂ ಬರೆದುಕೊಂಡು ಸಂಘದ ಕಚೇರಿಗೆ ಬನ್ನಿರಿ. ಉಳಿದದ್ದನ್ನು ಕೂಡಿ ಕೂತು ನೋಡೋಣ.